ಸಮಯ ಬರೆಯದ ಚೀಟಿ

‘ಸಾಧ್ಯವಾದಷ್ಟು ಮಟ್ಟಿಗೆ’ ಎಂಬ ಮಾತು ತನಗೇ ಹೊಳೆದದ್ದು ಎಂಬ ಹೆಮ್ಮೆ ಡಾಕ್ಟರ್ ಇಂದ್ರೇಶನಿಗೆ ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುವಾಗಲೂ ಇತ್ತು, ಈಗ ಅರಸೀಕೆರೆ ದಾಟಿ ಹಾರನಹಳ್ಳಿ ಕಡೆಗೆ ಓಡುತ್ತಿದ್ದ ಸುಮೋದ ನಡುವಿನ ಸೀಟಿನಲ್ಲಿ ತೊಡೆಯ ಮೇಲೆ ಫೈಲು ಇಟ್ಟುಕೊಂಡು ಕೂತಾಗಲೂ ಇತ್ತು. ತಾಲ್ಲೂಕಿನ ಖಾಸಗಿ ವೈದ್ಯರ ಸಂಘದಲ್ಲಿ ಇಪ್ಪತ್ತೊಂದು ಮಂದಿ ಇದ್ದರೂ ಕನ್ನಡದಲ್ಲಿ ನೆಟ್ಟಗೆ ಒಂದು ಅರ್ಜಿ ಬರೆಯಬಲ್ಲವನು ತಾನೊಬ್ಬನೇ ಎಂದು ಅವನಿಗೆ ಗೊತ್ತಿತ್ತು. ಉಳಿದವರಿಗೂ ಗೊತ್ತಿದ್ದರಿಂದ ಅದನ್ನು ಬಾಯಿಬಿಟ್ಟು ಹೇಳಿಕೊಳ್ಳುವ ಅಗತ್ಯ ಬೀಳುತ್ತಿರಲಿಲ್ಲ. ಸರ್ಕಾರ ಖಾಸಗಿ ಆಸ್ಪತ್ರೆಗಳಿಗೆಂದು ಹೊಸ ಕಾಯ್ದೆಯ ಕರಡು ಹೊರಡಿಸಿತ್ತು. ಅದರ ಏಳನೇ ಕಲಮು ಎಲ್ಲರ ನಿದ್ದೆ ಕೆಡಿಸಿತ್ತು. ಜೀವಕ್ಕೆ ಅಪಾಯವಿರುವ ಸ್ಥಿತಿಯಲ್ಲಿ ಬಂದ ರೋಗಿಯನ್ನು ಮುಟ್ಟಿ ನೋಡಿ, ಪ್ರಥಮ ಚಿಕಿತ್ಸೆ ಕೊಟ್ಟ ಮೇಲೆಯೇ ಬೇರೆ ಆಸ್ಪತ್ರೆಗೆ ಕಳುಹಿಸಬೇಕು. ಕಳುಹಿಸುವ ಚೀಟಿಯಲ್ಲಿ ರೋಗಿ ಬಂದ ಸಮಯ, ಹೊರಟ ಸಮಯ ಎರಡನ್ನೂ ಬರೆಯಬೇಕು. ಇದನ್ನು ರದ್ದು ಮಾಡಿ ಎಂದು ಕೇಳಿದರೆ ಪೇಪರಿನವರು ಸುಮ್ಮನೆ ಬಿಡುವುದಿಲ್ಲ. ಆದ್ದರಿಂದ ಇಂದ್ರೇಶ ರದ್ದಿನ ಮಾತೇ ಎತ್ತಲಿಲ್ಲ. ‘ಸಾಧ್ಯವಾದಷ್ಟು ಮಟ್ಟಿಗೆ ಪ್ರಥಮ ಚಿಕಿತ್ಸೆ’ ಎಂದು ತಿದ್ದಬೇಕು, ಸಮಯ ನಮೂದಿಸುವ ಅಂಶವನ್ನು ಕೈಬಿಡಬೇಕು, ಇಷ್ಟೇ ಕೇಳಿದ. ಕಲಮು ಅಲ್ಲೇ ಇರುತ್ತದೆ, ಆದರೆ ಯಾರನ್ನೂ ಕಚ್ಚುವುದಿಲ್ಲ. ಅದನ್ನು ಓದಿಸಿ ಕೇಳಿದ ಸಂಘದ ಅಧ್ಯಕ್ಷ ಡಾಕ್ಟರ್ ಜಯದೇವಪ್ಪ, “ನೀನು ದಾರಿ ತಪ್ಪಿ ಡಾಕ್ಟ್ರಾದೆ ಕಣಯ್ಯ, ವಕೀಲನಾಗ್ಬೇಕಿತ್ತು” ಎಂದು ಬೆನ್ನು ತಟ್ಟಿದ್ದರು.

ಆ ಜಯದೇವಪ್ಪನವರು ಈಗ ಮುಂದಿನ ಸೀಟಿನಲ್ಲಿ ಮೊಬೈಲನ್ನು ಕಿವಿಗೆ ಒತ್ತಿಕೊಂಡು, ಹಳೇಬೀಡಿನ ಪ್ರವಾಸಿ ಮಂದಿರದಲ್ಲಿ ಸಚಿವರು ಎಷ್ಟು ಹೊತ್ತಿಗೆ ಸಿಗುತ್ತಾರೆಂದು ಯಾರನ್ನೋ ಜೋರಾಗಿ ವಿಚಾರಿಸುತ್ತಿದ್ದರು. ಹಿಂದಿನ ಸೀಟಿನಲ್ಲಿ ಇಬ್ಬರು ಡಾಕ್ಟರುಗಳು ಇಸ್ತ್ರಿ ಕೆಡದ ಹಾಗೆ ಕೈಕಟ್ಟಿಕೊಂಡು ತೂಕಡಿಸುತ್ತಿದ್ದರು. ಮನವಿಯ ಜೊತೆಗೆ ಸಾರ್ವಜನಿಕರ ಸಹಿಯೂ ಇರಬೇಕು, ಸಾರ್ವಜನಿಕರ ಪರವಾಗಿ ಒಬ್ಬ ಮರ್ಯಾದಸ್ಥನೂ ಬರಬೇಕು ಎಂಬುದು ಜಯದೇವಪ್ಪನವರ ಯೋಚನೆ. ನಾವಷ್ಟೇ ಹೋದರೆ ವ್ಯಾಪಾರಸ್ಥರು ಬಂದರು ಅಂತಾರೆ, ಎಂದಿದ್ದರು. ಸಹಿ ಸಂಗ್ರಹ ಇಂದ್ರೇಶನ ನರ್ಸಿಂಗ್ ಹೋಮಿನಲ್ಲೇ ನಡೆಯಿತು. ಟೋಕನ್ ಕೊಡುವ ಕಿಂಡಿಯ ಬಳಿ ಒಂದು ಹಲಗೆಗೆ ಹಾಳೆ ಸಿಕ್ಕಿಸಿ, ಪೆನ್ನಿಗೆ ದಾರ ಕಟ್ಟಿ, ಕಾಂಪೌಂಡರ್ ಕರಿಬಸವಯ್ಯನಿಗೆ ವಹಿಸಿದ್ದಾಯಿತು. ಒಂಬತ್ತು ವರ್ಷದಿಂದ ಅದೇ ಕಿಂಡಿಯಲ್ಲಿ ಕೂತ ಕರಿಬಸವಯ್ಯ ಹತ್ತೇ ದಿನಕ್ಕೆ ನಾನೂರ ಹನ್ನೆರಡು ಸಹಿ ಮಾಡಿಸಿದ. ನೆಗಡಿಯವರು, ಮೊಣಕಾಲು ನೋವಿನವರು, ಬಸುರಿಯರು, ಅವರನ್ನು ಕರೆತಂದವರು ಎಲ್ಲರೂ ಟೋಕನ್ ಇಸಿದುಕೊಂಡು ಸಹಿ ಹಾಕಿದರು. ಮರ್ಯಾದಸ್ಥನನ್ನೂ ಅವನೇ ಹುಡುಕಿದ. ಹಾರನಹಳ್ಳಿ ಸ್ಟಾಪಿನಲ್ಲಿ ಕಾಯುತ್ತಿರುತ್ತಾರೆ, ಹತ್ತಿಸಿಕೊಳ್ಳಿ ಎಂದು ಬೆಳಿಗ್ಗೆ ಹೇಳಿದ್ದ.

ಇಂದ್ರೇಶ ಸಹಿಯ ಹಾಳೆಗಳನ್ನು ತಿರುವಿ ಹಾಕಿದ. ಒಂಬತ್ತನೇ ಹಾಳೆಯಲ್ಲಿ ಒಂದು ಸಹಿಯ ಮುಂದೆ ಅವನ ಕಣ್ಣು ನಿಂತಿತು. ಬೇರೆಯವರು ಗೀಚಿದ ಕಡೆ ಈ ಮನುಷ್ಯ ಒಂದೊಂದು ಅಕ್ಷರವನ್ನೂ ಕೂರಿಸಿ ಬರೆದಿದ್ದ: ಗಿಡ್ಡಪ್ಪ, ನಿವೃತ್ತ ಪಾಯಿಂಟ್ಸ್‌ಮನ್, ರೈಲ್ವೆ. ಮುಂದೆ ತಾರೀಖು. ತಾರೀಖಿನ ಮುಂದೆ, ಯಾರೂ ಕೇಳದಿದ್ದರೂ, ಸಮಯ: 11-20. ನಾನೂರ ಹನ್ನೆರಡು ಜನರಲ್ಲಿ ಸಮಯ ಬರೆದವನು ಇವನೊಬ್ಬನೇ. ಇಂದ್ರೇಶನಿಗೆ ನಗು ಬಂತು. ನಗು ಬಂದ ಹಿಂದೆಯೇ, ಕಾರಣ ತಿಳಿಯದೆ, ಊಟದಲ್ಲಿ ಕಲ್ಲು ಸಿಕ್ಕಂತಾಯಿತು. ಅಷ್ಟರಲ್ಲಿ ಸುಮೋ ನಿಂತಿತು.

ಹತ್ತಿದವರು ಅರವತ್ತು ದಾಟಿದ ಸಪೂರ ಆಳು. ಬಿಳಿ ಅರ್ಧತೋಳಿನ ಅಂಗಿ, ಜೇಬಿನಲ್ಲಿ ಕನ್ನಡಕದ ಪೆಟ್ಟಿಗೆ, ಕೈಗೆ ಅಗಲ ಮುಖದ ಹಳೆಯ ವಾಚು. ಬಾಗಿಲು ಹಾಕುವ ಮೊದಲು ವಾಚು ನೋಡಿಕೊಂಡರು.

“ಏನಪ್ಪಾ ಗಿಡ್ಡಪ್ಪಾ, ಚೆನ್ನಾಗಿದ್ದೀಯಾ? ಅಲ್ಲಿ ಸಾಹೇಬ್ರ ಮುಂದೆ ಎರಡು ಮಾತಾಡ್ಬೇಕು ನೀನು” ಎಂದರು ಜಯದೇವಪ್ಪ, ತಿರುಗದೆ.

“ಆಯ್ತು ಸಾರ್.”

ಸುಮೋ ಜಾವಗಲ್ಲಿನ ಒಳರಸ್ತೆಗೆ ಹೊರಳಿತು. ಜಯದೇವಪ್ಪ ಮತ್ತೆ ಮೊಬೈಲಿಗೆ ಮರಳಿದರು. ಏನಾದರೂ ಕೇಳಬೇಕಲ್ಲ ಎಂದು ಇಂದ್ರೇಶ, “ನಮ್ಮ ಆಸ್ಪತ್ರೆಗೆ ಬಂದಿದ್ರಾ ಮೊನ್ನೆ?” ಎಂದ.

“ತಿಂಗಳಿಗೊಂದ್ಸಲ ಬತ್ತೀನಲ್ಲ ಸಾರ್, ಬಿಪಿ ನೋಡ್ಸೋಕೆ. ವರ್ಷದ ಮೇಲಾಯ್ತು.”

ವರ್ಷದಿಂದ ಈ ತೋಳಿಗೆ ಪಟ್ಟಿ ಕಟ್ಟಿ, ಗಾಳಿ ತುಂಬಿ, ‘ಉಪ್ಪು ಕಮ್ಮಿ ಮಾಡಿ’ ಎಂದು ಹೇಳಿ ಕಳುಹಿಸಿದ್ದೇನೆ, ಮುಖ ಮಾತ್ರ ನೋಡಿಲ್ಲ ಎಂದು ಇಂದ್ರೇಶನಿಗೆ ನಾಚಿಕೆಯಾಯಿತು. ಆದರೆ ಅವನು ನಾಚಿಕೆಯಲ್ಲಿ ಬಹಳ ಹೊತ್ತು ಕೂರುವ ಜಾತಿಯವನಲ್ಲ. ದಿನಕ್ಕೆ ಎಂಬತ್ತು ಜನ ಬರುತ್ತಾರೆ, ಎಲ್ಲರ ಮುಖ ನೆನಪಿಟ್ಟುಕೊಳ್ಳಲು ನಾನೇನು ಚುನಾವಣೆಗೆ ನಿಂತಿದ್ದೇನೆಯೇ ಎಂದು ತನ್ನೊಳಗೇ ವಾದಿಸಿ ಗೆದ್ದ.

“ನೀವೇ ಮುಂದೆ ನಿಂತು ಬರೆಸ್ತಾ ಇದೀರಾ ಅಂತ ಕರಿಬಸವಯ್ಯನೋರು ಹೇಳಿದ್ರು,” ಎಂದರು ಗಿಡ್ಡಪ್ಪ, ತಗ್ಗಿದ ದನಿಯಲ್ಲಿ. “ಮನಸ್ಸು ಹಗುರಾಯ್ತು ಸಾರ್. ಅರ್ಜೆಂಟಲ್ಲಿ ಬಂದೋರ್ನ ಬಾಗಿಲಿಂದ್ಲೇ ಕಳಿಸ್ಬಾರ್ದು, ನೋಡೇ ಕಳಿಸ್ಬೇಕು, ಟೈಂ ಬರೀಬೇಕು, ಅಂತ ನಮ್ ಡಾಕ್ಟ್ರೇ ಸರ್ಕಾರಕ್ಕೆ ಬರೀತಾವ್ರೆ ಅಂದ್ರು. ಅದ್ಕೇ ಸಹಿ ಹಾಕ್ದೆ. ಬಾ ಅಂದಿದ್ಕೆ ಬಂದೂ ಬಂದೆ.”

ಇಂದ್ರೇಶನಿಗೆ ಕರಿಬಸವಯ್ಯನ ದೊಡ್ಡ ಮುಖ ಕಿಂಡಿಯಲ್ಲಿ ಕಂಡ ಹಾಗಾಯಿತು. ಅವನಿಗೆ ಮನವಿಯ ಒಂದು ಪ್ರತಿ ಕೊಟ್ಟದ್ದು ನಿಜ. ಅದರ ಮೊದಲ ಪುಟದಲ್ಲಿ ಇಂದ್ರೇಶ, ಮಸೂದೆಯ ಏಳನೇ ಕಲಮಿನ ಆಶಯವನ್ನು ನಾವು ಹೃತ್ಪೂರ್ವಕವಾಗಿ ಸ್ವಾಗತಿಸುತ್ತೇವೆ ಎಂದು ಬರೆದು, ಕಲಮನ್ನು ಇಡಿಯಾಗಿ ನಕಲು ಮಾಡಿದ್ದ. ಬೇಡ ಎನ್ನುವ ಮೊದಲು ಬೇಕು ಎನ್ನುವುದು ಅರ್ಜಿಯ ಕ್ರಮ. ಕರಿಬಸವಯ್ಯ ಒಂದೇ ಪುಟ ಓದಿ, ತನಗೆ ತಿಳಿದಷ್ಟನ್ನು, ತನಗೆ ನ್ಯಾಯವಾಗಿ ಕಂಡದ್ದನ್ನು, ನಾನೂರ ಹನ್ನೆರಡು ಜನಕ್ಕೂ ಬಾಯಾರೆ ಹೇಳಿದ್ದಾನೆ. ಜನ ಕೇಳಿದ್ದು ಅದನ್ನು, ಸಹಿ ಬಿದ್ದದ್ದು ಇದಕ್ಕೆ. ಇಂದ್ರೇಶ ಕನ್ನಡಿಯಲ್ಲಿ ಜಯದೇವಪ್ಪನವರ ಕಣ್ಣು ಹುಡುಕಿದ; ಅವರು ಯಾರಿಗೋ “ಆಗ್ತದೆ ಕಣ್ರೀ, ಇವತ್ತು ಆಗೇ ಆಗ್ತದೆ” ಎನ್ನುತ್ತಿದ್ದರು. ಈಗ ಹೇಳಿದರೆ ದಾರಿಯಲ್ಲೇ ರಾದ್ಧಾಂತ. ಹೇಳದಿದ್ದರೆ ಯಾರಿಗೂ ನಷ್ಟವಿಲ್ಲ, ಸಹಿ ಸಹಿಯೇ. ಅವನು ಫೈಲು ಮುಚ್ಚಿದ.

ಹಳೇಬೀಡಿನಲ್ಲಿ ಸಚಿವರು ಇನ್ನೂ ಬಂದಿರಲಿಲ್ಲ. ಪ್ರವಾಸಿ ಮಂದಿರದ ಅಂಗಳದಲ್ಲಿ ಬೇರೆ ಬೇರೆ ಹಾರ ಹಿಡಿದ ಬೇರೆ ಬೇರೆ ಸಂಘದವರು ನೆರಳಿಗೆ ನೆರಳು ಬದಲಿಸುತ್ತ ನಿಂತಿದ್ದರು. ಡಾಕ್ಟರುಗಳು ಕಾಫಿಗೆ ಹೋದರು. ಇಂದ್ರೇಶ ಹೋಗಲಿಲ್ಲ. ಗಿಡ್ಡಪ್ಪ ಕೆರೆಯ ಕಡೆಯ ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ಆ ಕೂತ ಭಂಗಿಯಲ್ಲಿ, ಮೊಣಕಾಲ ಮೇಲೆ ಎರಡು ಅಂಗೈ ಇಟ್ಟು ಎದುರಿನದನ್ನೇ ನೋಡುವುದರಲ್ಲಿ, ಏನೋ ಇತ್ತು. ಹಿಂದೊಮ್ಮೆ ಆಟೋದಲ್ಲಿ ಹಾಗೆ ಕೂತಿದ್ದ ಒಬ್ಬ ಮನುಷ್ಯ ನೆನಪಾದ. ಮಡಿಲಲ್ಲಿ ಹೆಂಡತಿಯ ತಲೆ. ನರ್ಸಿಂಗ್ ಹೋಮಿಗೆ ಆಗ ಮೂರೇ ದಿನ. ಮಠದ ಸ್ವಾಮಿಗಳು ಬಂದು ದೀಪ ಹಚ್ಚಿದ್ದರು, ಮಾವಿನ ತೋರಣ ಇನ್ನೂ ಒಣಗಿರಲಿಲ್ಲ, ಹೊಸ ಬಣ್ಣದ ವಾಸನೆ, ಔಷಧದ ಕಂಪನಿಯವರು ಕೊಟ್ಟ ದೊಡ್ಡ ಗೋಡೆ ಗಡಿಯಾರ. ಅಂಗಡಿಬೀದಿಯ ನೆಂಟರಿಷ್ಟರೆಲ್ಲ ನೋಡಲು ಬಂದು ಹೋಗುತ್ತಿದ್ದ ದಿನ. ಆಟೋ ಬಂದು ನಿಂತಾಗ ಇಂದ್ರೇಶ ಮೆಟ್ಟಿಲ ಮೇಲಿದ್ದ. ಹೆಂಗಸಿನ ಬೆವರಿದ ಮುಖ, ಬೂದಿ ಬಣ್ಣದ ತುಟಿ, ಎಡಗೈಯನ್ನು ಅದುಮಿ ಹಿಡಿದ ಬಲಗೈ. ಎದೆಯದೇ ಎಂದು ಮೆಟ್ಟಿಲ ಮೇಲಿಂದಲೇ ತಿಳಿಯಿತು. ಅಷ್ಟು ಒಳ್ಳೆಯ ಡಾಕ್ಟರು ಅವನು. ಒಳಗೆ ಕರೆದುಕೊಂಡರೆ, ಒಳಗೇ ಜೀವ ಹೋದರೆ, ಹೊಸ ಆಸ್ಪತ್ರೆಯಲ್ಲಿ ಮೊದಲ ವಾರವೇ ಹೆಣ ಬಿತ್ತು ಎಂದು ಊರು ಆಡಿಕೊಳ್ಳುತ್ತದೆ. ಅವನು ಮೆಟ್ಟಿಲು ಇಳಿದ, ಆಟೋದ ಟಾಪಿನ ಮೇಲೆ ಚೀಟಿ ಇಟ್ಟು ಬರೆದ, ಹಾಸನ. ತಡ ಮಾಡಬೇಡಿ, ಬೇಗ ಹೊರಡಿ ಎಂದ. ಊರಿನಲ್ಲಿ ಇದಕ್ಕೆ ‘ಹಾಸನಕ್ಕೆ ಬರೆದುಕೊಟ್ಟರು’ ಎನ್ನುತ್ತಾರೆ. ಎಲ್ಲ ಡಾಕ್ಟರೂ ಬರೆದುಕೊಡುತ್ತಾರೆ, ಯಾರೂ ಸಮಯ ಹಾಕುವುದಿಲ್ಲ; ಹಾಕಬಾರದೆಂದು ಅವನಿಗೆ ಮೊದಲು ಕಲಿಸಿದವರು ಜಯದೇವಪ್ಪನವರು. ನಾಲಿಗೆಯ ಕೆಳಗೆ ಒಂದು ಮಾತ್ರೆ ಇಟ್ಟು, ಇನ್ನೊಂದು ಮಾತ್ರೆ ಅಗಿಯಲು ಕೊಡಲು ಎರಡು ನಿಮಿಷ ಸಾಕಿತ್ತು. ಕೈ ಹಿಡಿದು ನಾಡಿ ನೋಡಲು ಅಷ್ಟೂ ಬೇಕಿರಲಿಲ್ಲ.

ಅವನು ಕಟ್ಟೆಯವರೆಗೆ ನಡೆದು ಹೋದ. ಕಾಲು ತಾನಾಗಿ ಹೋಯಿತು ಎನ್ನುವುದು ಸುಳ್ಳು, ಹೋಗಬೇಕೆಂದೇ ಹೋದ. ಮಾತಿನಿಂದ ಸರಿಪಡಿಸಲಾರದ್ದು ಇದುವರೆಗೆ ಅವನಿಗೆ ಎದುರಾಗಿರಲಿಲ್ಲ.

“ಕೂತ್ಕೊಳಿ ಸಾರ್,” ಎಂದು ಗಿಡ್ಡಪ್ಪ ಪಕ್ಕಕ್ಕೆ ಸರಿದರು. ಕನ್ನಡಕದ ಪೆಟ್ಟಿಗೆ ತೆಗೆದು, ಅದರ ಮುಚ್ಚಳದ ಒಳಗಿಂದ ನಾಲ್ಕು ಮಡಿಕೆಯ ಕಾಗದ ಬಿಡಿಸಿದರು. ಅಂಚುಗಳಿಗೆ ಅಂಟುಪಟ್ಟಿ ಹಾಕಿತ್ತು. ಇಂದ್ರೇಶನ ಹೆಸರು ಅಚ್ಚಾದ ಚೀಟಿ, ಇಂದ್ರೇಶನ ಅಕ್ಷರ. ಚಲುವಮ್ಮ, 44 ವರ್ಷ. ಎದೆನೋವು. ಹಾಸನದ ದೊಡ್ಡ ಆಸ್ಪತ್ರೆಗೆ. ಸಹಿ, ತಾರೀಖು.

“ನಮ್ಮನೆಯೋಳದು,” ಎಂದರು. “ಹಾರನಹಳ್ಳಿ ದಾಟ್ನಿಲ್ಲ, ಆಗೋಯ್ತು. ಒಂಬತ್ತು ವರ್ಷ ಆತು. ತೆಗೆದು ನೋಡ್ತಾ ಇರ್ತೀನಿ. ನಾನು ಮೂವತ್ತಾರು ವರ್ಷ ಜಂಕ್ಷನ್ನಾಗೆ ಹಳಿ ಬದ್ಲಾಯ್ಸೋ ಕೆಲಸ ಮಾಡ್ದೋನು ಸಾರ್. ಖಾಲಿ ಗೂಡ್ಸ್ ಹೋದ್ರೂ ಬಂದಿದ್ದು ಎಷ್ಟೊತ್ಗೆ, ಬಿಟ್ಟಿದ್ದು ಎಷ್ಟೊತ್ಗೆ, ಬುಕ್ಕಲ್ಲಿ ಏರಿಸ್ದೇ ಇದ್ರೆ ಮೆಮೋ ಕೊಡ್ತಿದ್ರು. ಇದ್ರಲ್ಲಿ ಟೈಮೇ ಇಲ್ವಲ್ಲ ಅಂತ. ನಿಮ್ಗೇನಾರ ನೆನಪೈತಾ, ಎಷ್ಟೊತ್ತಾಗಿತ್ತು ಅಂತ?”

“ಇಲ್ಲ,” ಎಂದ ಇಂದ್ರೇಶ. “ಬಹಳ ಹಿಂದಿನ ಮಾತಲ್ವಾ. ನೆನಪಿಲ್ಲ.”

“ಹೌದು, ಹೌದು. ಎಲ್ಲಿ ಇಟ್ಕಳಾಕಾಯ್ತದೆ.” ಗಿಡ್ಡಪ್ಪ ಚೀಟಿ ಮಡಚಿದರು. “ಮಗ ಸಿದ್ಧಾರ್ಥ ಬಾಣಾವರದಾಗೆ ಮೇಷ್ಟ್ರು. ಆ ಡಾಕ್ಟ್ರತ್ರ ಯಾಕಪ್ಪ ಹೋಯ್ತೀಯ, ಅಮ್ಮನ್ನ ಮುಟ್ಟಿ ಕೂಡ ನೋಡ್ನಿಲ್ಲ ಅಂತ ಈಗ್ಲೂ ಜಗಳ ಆಡ್ತಾನೆ. ಅವ್ನ ಮನಸ್ಸಲ್ಲಿರೋದೇ ಬೇರೆ. ನಾನು, ಹಂಗಿರಾಕಿಲ್ಲ ಕಣೋ, ನಾವು ಕೇರಿಯೋರು ಅಂತ ಅಲ್ಲ, ಗಾಬರಿಗೆ ಏನೋ ಆಗೈತೆ ಅಂತಿದ್ದೆ. ಒಂದ್ಸಲ ನೋಡಾನ ಅಂತ ಬಿಪಿ ನೆಪ ಮಾಡ್ಕಂಡು ಬಂದೆ. ನೀವು ಗುರ್ತು ಹಿಡೀಲಿಲ್ಲ. ಈಗ ನೋಡಿ, ನೀವೇ ಇಂಥ ಕಾಗದ ಬರೆದಿದೀರಾ. ಅವ್ನಿಗೆ ಹೇಳ್ತೀನಿ.”

ಅದಲ್ಲ, ಅದು ಖಂಡಿತ ಅಲ್ಲ ಎಂದು ಇಂದ್ರೇಶನ ಒಳಗೆ ಒಂದು ದನಿ ಎದ್ದು ನಿಂತಿತು. ಅವನು ಎಲ್ಲರ ಮನೆಯಲ್ಲೂ ಉಂಡವನು, ಹಾಸ್ಟೆಲಿನಲ್ಲಿ ಎಲ್ಲರ ಜೊತೆ ಒಂದೇ ತಟ್ಟೆಗೆ ಕೈ ಹಾಕಿದವನು. ಆದರೆ ಆಟೋದಲ್ಲಿ ಇದ್ದದ್ದು ತನ್ನ ಕಡೆಯವರು ಯಾರಾದರೂ ಆಗಿದ್ದರೆ, ಕೊಬ್ಬರಿ ಮಂಡಿಯವರ ಮನೆಯ ಹೆಂಗಸು ಆಗಿದ್ದರೆ, ಮೆಟ್ಟಿಲ ಮೇಲಿಂದಲೇ ನೋಡಿ ಬರೆದುಕೊಡುವುದು ಸಾಧ್ಯವಿತ್ತೇ? ಆ ಪ್ರಶ್ನೆಯನ್ನು ಅವನು ಒಂಬತ್ತು ವರ್ಷದಲ್ಲಿ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಈಗ ಕೇಳಿಕೊಂಡ, ಉತ್ತರ ಥಟ್ಟನೆ ಬರಲಿಲ್ಲ. ಹೆದರಿಕೆಯಾಯಿತು. ಹೆದರಿಕೆಯಾದಾಗ ಅವನು ಯಾವಾಗಲೂ ಮಾಡುವುದನ್ನೇ ಮಾಡಿದ; ದನಿಯನ್ನು ಇನ್ನಷ್ಟು ಗಟ್ಟಿ ಮಾಡಿದ.

“ನೋಡಿ ಗಿಡ್ಡಪ್ಪನೋರೇ, ಅಲ್ಲಿ ಒಳಗೆ ನೀವು ಏನೂ ಮಾತಾಡೋದು ಬೇಡ. ಮಿನಿಸ್ಟ್ರಿಗೆ ಟೈಮಿರಲ್ಲ. ಕೈ ಮುಗಿದು ನಿಂತಿದ್ರೆ ಸಾಕು, ನಾನೇ ಎಲ್ಲ ಹೇಳ್ತೀನಿ.”

ಗಿಡ್ಡಪ್ಪ ಅವನ ಮುಖವನ್ನು ಒಂದು ಗಳಿಗೆ ನೋಡಿದರು. “ಆಯ್ತು ಸಾರ್” ಎಂದರು.

ಸಚಿವರು ಬಂದಾಗ ಒಂದು ಗಂಟೆ ದಾಟಿತ್ತು. ಹಸಿದ ಮುಖದಲ್ಲೂ ನಗು ಇಟ್ಟುಕೊಳ್ಳಬಲ್ಲ ಮನುಷ್ಯ. ಜಯದೇವಪ್ಪ ಹಾರ ಹಾಕಿದರು, ಶಾಲು ಹೊದಿಸಿದರು, ಇಂದ್ರೇಶ ಫೈಲು ಮುಂದಿಟ್ಟ. ಕೊಟ್ಟು ಹಿಂದೆ ಸರಿದಿದ್ದರೆ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಸಚಿವರು, “ಕನ್ನಡಕ ಕಾರಲ್ಲೇ ಉಳೀತು, ನೀವೇ ಓದ್ಬಿಡಿ ಡಾಕ್ಟ್ರೇ” ಎಂದು ಸೋಫಾಕ್ಕೆ ಒರಗಿದರು. ಇಂದ್ರೇಶ ಓದತೊಡಗಿದ. ಅವನ ಓದು ಚೆಂದ, ಕಾಲೇಜಿನಲ್ಲಿ ಬಹುಮಾನ ಬಂದದ್ದು. ಮೊದಲ ಪುಟ ಹೋಯಿತು. ಬಾಗಿಲ ಬಳಿ ಕೈ ಮುಗಿದು ನಿಂತ ಗಿಡ್ಡಪ್ಪ ತಲೆಯಾಡಿಸುತ್ತ ಕೇಳುತ್ತಿರುವುದು ಹಾಳೆಯ ಅಂಚಿನಾಚೆ ಕಾಣುತ್ತಿತ್ತು. ಎರಡನೇ ಪುಟ ತಿರುಗಿಸುವಾಗ, ಇಲ್ಲಿ ಎರಡು ಸಾಲು ಹಾರಿಸಿದರೆ ಯಾರಿಗೂ ತಿಳಿಯುವುದಿಲ್ಲ ಎಂದು ಅವನಿಗೆ ಹೊಳೆಯಿತು. ಕಾಗದದಲ್ಲಿ ಇರುವುದು ಇರುತ್ತದೆ, ಆ ಮನುಷ್ಯ ಸಂತೋಷವಾಗಿ ಮನೆಗೆ ಹೋಗಿ ಮಗನಿಗೆ ಹೇಳುತ್ತಾನೆ. ಅವನು ಹಾರಿಸಲಿಲ್ಲ. ಅದು ಪ್ರಾಮಾಣಿಕತೆಯೋ, ತಾನು ಬರೆದ ಸಾಲನ್ನು ತಾನೇ ಬಿಡಲಾರದ ಅಭ್ಯಾಸವೋ, ಆಮೇಲೆ ಎಷ್ಟು ಸಲ ಯೋಚಿಸಿದರೂ ಅವನಿಗೆ ಗೊತ್ತಾಗಲಿಲ್ಲ. “ಸಾಧ್ಯವಾದಷ್ಟು ಮಟ್ಟಿಗೆ ಎಂದು ತಿದ್ದುಪಡಿ ಮಾಡಬೇಕು. ಚೀಟಿಯಲ್ಲಿ ಸಮಯ ನಮೂದಿಸಬೇಕೆಂಬ ಅಂಶವನ್ನು ಸಂಪೂರ್ಣವಾಗಿ ಕೈಬಿಡಬೇಕು.” ದನಿ ಎಲ್ಲೂ ನಡುಗಲಿಲ್ಲ. ಬಾಗಿಲ ಬಳಿ ಮುಗಿದಿದ್ದ ಕೈಗಳು ಕೆಳಗಿಳಿದವು.

“ಜನ ಏನಂತಾರೆ?” ಎಂದರು ಸಚಿವರು.

“ನಾನೂರ ಹನ್ನೆರಡು ಸಹಿ ಇದೆ ಸಾರ್,” ಎಂದು ಜಯದೇವಪ್ಪ ಮುಂದೆ ಬಂದರು. “ಜನರ ಪರವಾಗಿ ಇವನೂ ಬಂದಿದ್ದಾನೆ. ಹೇಳಪ್ಪಾ.”

“ನಂಗೆ ಮಾತಾಡ್ಬೇಡ ಅಂದವ್ರೆ ಸಾರ್” ಎಂದರು ಗಿಡ್ಡಪ್ಪ.

ಕೋಣೆಯಲ್ಲಿ ನಗು ಹಬ್ಬಿತು. ಸಚಿವರೂ ನಕ್ಕರು. ಇಂದ್ರೇಶನ ಕಿವಿ ಕಾದವು; ಇಷ್ಟು ಜನರ ಮುಂದೆ ಯಾರೂ ಅವನನ್ನು ಹೀಗೆ ಬೆತ್ತಲೆ ಮಾಡಿರಲಿಲ್ಲ, ಅದೂ ಬೈಯದೆ. “ನಾನು ಹೇಳ್ತಿದ್ದೀನಿ, ಮಾತಾಡಪ್ಪಾ” ಎಂದರು ಸಚಿವರು.

“ನಾನು ಸಹಿ ಹಾಕಿದ್ದು ಇದಕ್ಕಲ್ಲ. ಟೈಂ ಬರೀಬೇಕು ಅನ್ನೋದಕ್ಕೆ.” ಅಷ್ಟು ಹೇಳಿ, ಸ್ವಲ್ಪ ತಡೆದು, “ಗೂಡ್ಸಿಗೂ ಬರೀತಾರೆ” ಎಂದರು.

ಸಚಿವರ ನಗು ಮುಖದ ಮೇಲೆ ಉಳಿದೇ ಕಣ್ಣಿನಿಂದ ಹೋಯಿತು. ಅವರು ಗಿಡ್ಡಪ್ಪನನ್ನು ನೋಡಿದರು, ಇಂದ್ರೇಶನನ್ನು ನೋಡಿದರು, ಎಲ್ಲ ಅರ್ಥವಾಯಿತು. ಅರ್ಥವಾದದ್ದನ್ನು ಬದಿಗಿಟ್ಟು ಕೆಲಸ ಮುಂದುವರಿಸುವುದು ಅವರ ಕಸುಬು. “ಪೆದ್ದ, ಏನೋ ತಪ್ಪು ತಿಳ್ಕೊಂಡಿದ್ದಾನೆ” ಎಂದು ಜಯದೇವಪ್ಪ ಗೊಣಗಿದರು. “ಇರಲಿ, ಇರಲಿ” ಎಂದು ಸಚಿವರು ಮನವಿಯ ಮೂಲೆಯಲ್ಲಿ ಹಸಿರು ಶಾಯಿಯಲ್ಲಿ ಎರಡು ಸಾಲು ಬರೆದು ಆಪ್ತ ಸಹಾಯಕನ ಕೈಗೆ ಕೊಟ್ಟರು. “ಟೈಮಿನದು ತೆಗೆಸೋಣ ಬಿಡಿ ಡಾಕ್ಟ್ರೇ. ಸುಮ್ನೆ ಕೋರ್ಟು ಕಚೇರಿ ಆಗ್ತದೆ. ಚೆನ್ನಾಗಿ ಬರೆದಿದ್ದೀರಿ.”

ಅಂಗಳಕ್ಕೆ ಬರುತ್ತಲೇ ಜಯದೇವಪ್ಪ ಇಂದ್ರೇಶನನ್ನು ತಬ್ಬಿಕೊಂಡರು. ಹಿಂದಿನ ಸೀಟಿನ ಇಬ್ಬರೂ ಕೈ ಕುಲುಕಿದರು. ಬೇಲೂರಿನಲ್ಲಿ ಊಟ ಮಾಡಿಕೊಂಡೇ ಹೋಗೋಣ ಎಂದಾಯಿತು. ಗೆದ್ದದ್ದು ಇಂದ್ರೇಶನಿಗೂ ಖುಷಿ ಕೊಟ್ಟಿತು, ಅದನ್ನು ಅಲ್ಲಗಳೆಯುವುದರಲ್ಲಿ ಅರ್ಥವಿಲ್ಲ. ಬೆಂಗಳೂರಿನ ದೊಡ್ಡ ದೊಡ್ಡ ಆಸ್ಪತ್ರೆಯವರು ಆರು ತಿಂಗಳು ಅಲೆದು ಮಾಡಲಾಗದ್ದನ್ನು ಅವನ ಒಂದು ಸಾಲು ಮಾಡಿತ್ತು. ಆ ಖುಷಿಯಲ್ಲೇ ಅವನು ಗಿಡ್ಡಪ್ಪನಿಗಾಗಿ ಸುತ್ತ ನೋಡಿದ. ಅವರು ಗೇಟು ದಾಟಿ ಬಸ್‌ಸ್ಟ್ಯಾಂಡಿನ ಕಡೆ ನಡೆಯುತ್ತಿದ್ದರು. “ಹೋಗ್ಲಿ ಬಿಡಯ್ಯ” ಎಂದರು ಜಯದೇವಪ್ಪ. ಇಂದ್ರೇಶ ಬಿಡಲಿಲ್ಲ. ಒಳ್ಳೆಯ ಬಟ್ಟೆಯಲ್ಲಿ, ಬಿಸಿಲಿನಲ್ಲಿ, ಹೆಚ್ಚುಕಡಿಮೆ ಓಡಿದ.

“ಗಿಡ್ಡಪ್ಪನೋರೇ, ಗಾಡೀಲೇ ಬನ್ನಿ. ಹಾರನಹಳ್ಳೀಲಿ ಬಿಡ್ತೀವಿ.”

“ಬ್ಯಾಡ ಸಾರ್. ಜಾವಗಲ್ ಬಸ್ಸು ಎರಡು ಹತ್ತಕ್ಕೆ ಐತೆ.”

ಬಸ್ಸು ಆಗಲೇ ಬಂದು ನಿಂತಿತ್ತು. ಇಂದ್ರೇಶ ಹೇಳಬೇಕೆಂದು ಕೂಡಿಸಿಕೊಂಡಿದ್ದ ಮಾತುಗಳೆಲ್ಲ, ಕಾಯ್ದೆಯ ತೊಡಕು, ಸಣ್ಣ ಊರಿನ ಡಾಕ್ಟರ ಕಷ್ಟ, ಕೋರ್ಟಿನ ಭಯ, ಎಲ್ಲವೂ ಸರಿಯಾಗಿಯೇ ಇದ್ದವು. ಗಿಡ್ಡಪ್ಪ ಕನ್ನಡಕದ ಪೆಟ್ಟಿಗೆಯಿಂದ ಚೀಟಿ ತೆಗೆದರು. ಬಸ್ಸಿನ ಮೈಗೆ ಒತ್ತಿ ಹಿಡಿದು ಅಂಗೈಯಿಂದ ಸವರಿದರು.

“ಕಾಯ್ದೆ ಹೆಂಗಾರ ಆಗ್ಲಿ. ಇದ್ರಾಗೆ ಬರ್ಕೊಡಿ.”

ಇಂದ್ರೇಶ ಪೆನ್ನು ತೆಗೆದ. ಬರೆದರೆ ಏನಾಗುತ್ತದೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ತಾಲ್ಲೂಕಿನಲ್ಲಿ ಯಾರೂ ಇರಲಿಲ್ಲ. ಅದಕ್ಕೆಂದೇ ಈಗಷ್ಟೇ ಎರಡು ಪುಟ ಓದಿ ಬಂದಿದ್ದ. ತನ್ನ ಹಳೆಯ ಸಹಿಯ ಕೆಳಗೆ, ಎಷ್ಟಾಗಿತ್ತು ಎಂದು ಕೇಳದೆ, ಬರೆದ: ಬಂದದ್ದು, ಬೆಳಿಗ್ಗೆ 10-35.

ಗಿಡ್ಡಪ್ಪ ಕನ್ನಡಕ ಹಾಕಿಕೊಂಡು ಓದಿದರು. ಬಹಳ ಹೊತ್ತು ಓದಿದರು.

“ನೆನಪೈತೆ ನಿಮ್ಗೆ,” ಎಂದರು. ಆಮೇಲೆ, “ಹೊರಟಿದ್ದು?” ಎಂದರು.

ಇಂದ್ರೇಶನ ಕೈ ಕಾಗದದ ಮೇಲೆಯೇ ಇತ್ತು. ಗೋಡೆ ಗಡಿಯಾರ, ಹೊಸ ಬಣ್ಣದ ವಾಸನೆ, ಆಟೋದ ಟಾಪು. ಅವನು ಬರೆದ: ಹೊರಟದ್ದು, 10-37.

“ಎರಡು ನಿಮಿಷ,” ಎಂದರು ಗಿಡ್ಡಪ್ಪ. “ನನ್ ವಾಚಲ್ಲೂ ಅಷ್ಟೇ ಆಗಿತ್ತು.” ಚೀಟಿಯನ್ನು ಹಳೆಯ ಮಡಿಕೆಯಲ್ಲೇ ಮಡಚಿ ಪೆಟ್ಟಿಗೆಯಲ್ಲಿಟ್ಟು ಬಸ್ಸು ಹತ್ತಿದರು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಾಗ ಇಂದ್ರೇಶ ತನ್ನ ಕೈಗಡಿಯಾರ ನೋಡಿಕೊಂಡ. ಎರಡು ಗಂಟೆ ಹತ್ತು ನಿಮಿಷ ಆಗಿತ್ತು.